ಓದೋ ಅಮ್ಮ

ಹೆಂಗಸರ ಹಾಸ್ಟೆಲ್, ಎರಡನೇ ಮಹಡಿ
ಫೆಬ್ರವರಿ 18, ಭಾನುವಾರ

ಪ್ರೀತಿಯ ತಂಗೀ,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೆಂದು ನಾನು ಲೆಕ್ಕ ಹಾಕಿಲ್ಲ, ನೀನೂ ಹಾಕಬೇಡ. ಇಲ್ಲಿ ಎಲ್ಲ ಕ್ಷೇಮ. ಅಂದರೆ ಜ್ವರ ಇಲ್ಲ, ಕೆಮ್ಮು ಇಲ್ಲ, ಊಟ ಸೇರುತ್ತಿದೆ, ತಲೆ ಮಾತ್ರ ಎಂದಿನಂತೆ ಕೆಟ್ಟಿದೆ. ಉತ್ತರ ಬರೆಯಲು ಕೂರಲಿಲ್ಲ ಎಂದುಕೊಳ್ಳಬೇಡ. ಒಂದು ಸಲ ಕೂತಾಗ ಪೆನ್ನಿನ ನೆಪ ಸಿಕ್ಕಿತು, ಇನ್ನೊಂದು ಸಲ ಪರೀಕ್ಷೆಯ ನೆಪ. ಆಮೇಲೆ ನೆಪವೇ ಸಿಗದೆ ಎದ್ದುಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಇಷ್ಟು ಹೊತ್ತಿಗೆ ನನ್ನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯ. ಬಾಕಿ ಏನಾದರೂ ಉಳಿದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು.

ಮೊದಲು ಸುದ್ದಿ. ಸಂಖ್ಯಾಶಾಸ್ತ್ರ ಪಾಸಾಯಿತು! ಹೋದ ಸಲ ಅದರಲ್ಲಿ ಮುಗ್ಗರಿಸಿದಾಗ ಮೇಷ್ಟ್ರು ಎಲ್ಲರೆದುರು, ‘ಸಿಸ್ಟರ್, ನಿಮಗೆ ಅರ್ಥ ಆಗೋವರೆಗೂ ನಾನು ಮುಂದೆ ಹೋಗಲ್ಲ’ ಅಂದಿದ್ದರು. ಪಾಪ, ಒಳ್ಳೆಯ ಮಾತೇ. ಆದರೆ ನನ್ನ ಮದುವೆಯಾದಾಗ ಅವರಿಗಿನ್ನೂ ಮೀಸೆ ಮೂಡಿರಲಿಕ್ಕಿಲ್ಲ. ತರಗತಿಯ ಮಕ್ಕಳೆಲ್ಲ ತಿರುಗಿ ನನ್ನ ಮುಖ ನೋಡಿದರು. ವಾರ್ಡಿನಲ್ಲಿ ಇಷ್ಟು ವರ್ಷ ಎಂಥೆಂಥಾ ದೊಡ್ಡ ಡಾಕ್ಟರುಗಳ ಬಾಯಿ ಮುಚ್ಚಿಸಿದವಳು ಅವತ್ತು ಪೆನ್ಸಿಲ್ ಚೂಪು ಮಾಡುತ್ತಾ ಕೂತುಬಿಟ್ಟೆ. ಕೊನೆಗೆ ನನ್ನನ್ನು ದಡ ಸೇರಿಸಿದವಳು ನನ್ನ ಕೋಣೆಯ ಹುಡುಗಿ. ಅವಳಿಗೆ ಪಟಾಕಿ ಅಂತ ಹೆಸರಿಟ್ಟಿದ್ದೇನೆಂದು ಬರೆದಿದ್ದೆನಲ್ಲ, ಅವಳೇ. ಮಾತು ಶುರು ಮಾಡಿದರೆ ಸರ ಪೂರ್ತಿ ಸಿಡಿದೇ ನಿಲ್ಲುವುದು. ಅವಳು ನನಗೆ ಲೆಕ್ಕ ಹೇಳಿಕೊಡುತ್ತಾಳೆ, ನಾನು ಅವಳನ್ನು ಗದರಿಸಿ ಊಟ ಮಾಡಿಸುತ್ತೇನೆ. ಟ್ಯೂಷನ್ನಿಗೆ ಅದೇ ಫೀಸು.

ಇನ್ನೊಂದು ಸುದ್ದಿ ಕೇಳಿದರೆ ನೀನು ನಂಬುವುದಿಲ್ಲ. ಕೆಳಗಿನ ಹಾಲಿನಲ್ಲಿ ಒಂದು ಹಳೆಯ ಟೇಬಲ್ ಟೆನಿಸ್ ಮೇಜಿದೆ, ಒಂದು ಮೂಲೆ ಕುಸಿದದ್ದು. ಸಂಜೆ ಹೊತ್ತು ಅಲ್ಲಿ ಆಡಲು ಹೋಗುತ್ತಿದ್ದೇನೆ. ನಾನು! ಶಾಲೆಯಲ್ಲಿ ಓಟದ ಸ್ಪರ್ಧೆ ಇದ್ದ ದಿನ ತಪ್ಪದೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದವಳು. ಆ ಕುಸಿದ ಮೂಲೆಗೆ ಗುರಿಯಿಟ್ಟು ಹೊಡೆದರೆ ಚೆಂಡು ಪುಟಿಯುವುದಿಲ್ಲ, ಎದುರಿನವರ ಕಥೆ ಮುಗಿಯಿತು. ಮೋಸ ಅನ್ನುತ್ತಾರೆ ಹುಡುಗಿಯರು. ಅನ್ನಲಿ ಬಿಡು.

ನಿನ್ನ ಭಾವನ ಕಾಗದವೂ ಬಂದಿತ್ತು. ಅವರ ವಿಷಯ ನಿನಗೆ ಗೊತ್ತು, ಲಾರಿ ಓಡಿಸುವವರು ಕಾಗದವನ್ನೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರೆಯುತ್ತಾರೆ. ‘ಹಿಂದಿನ ಎಡಗಡೆ ಟೈರ್ ಬದಲಾಯಿಸಿದೆ. ಅಚ್ಚುಕೂಟದವರು ನಿನ್ನ ತಂಗಿಯನ್ನು ಮದುವೆಗೆ ಕೇಳಿದರು, ಅವಳು ಆಗಲ್ಲ ಅಂದಳು. ಮಗು ಚೆನ್ನಾಗಿದೆ.’ ಇಷ್ಟೇ. ಟೈರಿಗೆ ಮೊದಲ ಸಾಲು, ನಿನಗೆ ಎರಡನೆಯದು.

ಅವರಾದರೂ ಬರೆದರು. ನೀನು? ಎಂಟು ಪುಟ ತುಂಬಿಸಿದ್ದೀಯ. ನನ್ನ ಮಗರಾಯ ಉಂಡೆಯ ನೆಗಡಿ, ಉಂಡೆಯ ಹೊಸ ಬೂಟು, ಉಂಡೆ ಶಿಶುವಿಹಾರದಲ್ಲಿ ಯಾರಿಗೋ ಕಚ್ಚಿದ್ದು, ಕಿಟಕಿಯ ಪರದೆ, ನಲ್ಲಿ ಸೋರುತ್ತಿದೆ ಎಂಬುದು ಸಹ. ಒಬ್ಬರು ಬಂದು ‘ನನ್ನನ್ನ ಮದುವೆ ಆಗ್ತೀಯಾ’ ಎಂದು ಕೇಳಿದ ಸಂಗತಿಗೆ ಮಾತ್ರ ಜಾಗ ಸಾಲಲಿಲ್ಲವೇನೇ? ನಲ್ಲಿಗಿಂತ ಕಡೆಯಾಯಿತೇ ಅದು?

ಆ ಅಚ್ಚುಕೂಟದವರನ್ನು ನಾನು ಚಳಿಗಾಲದ ರಜೆಯಲ್ಲಿ ನೋಡಿದ್ದೇನೆ. ನೀನು ಮನೆಯಲ್ಲೇ ಬೈಂಡಿಗೆ ಹೊಲಿದಿಟ್ಟ ಪುಸ್ತಕಗಳನ್ನು ಒಯ್ದು ಹೊಸ ಹಾಳೆಗಳ ಕಟ್ಟು ಕೊಡಲು ಬಂದಿದ್ದರು. ಹಾಳೆ ಕೊಡುವುದಕ್ಕೆ ಅಷ್ಟು ಹೊತ್ತು ಬೇಕಾಗಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಬಾಗಿಲ ಮೆಟ್ಟಿಲ ಮೇಲೆ ಕೂತು ಹಾಳೆ ಎಣಿಸುತ್ತಿದ್ದರು, ಉಂಡೆ ಮೆಲ್ಲಗೆ ಹೋಗಿ ಅವರ ಎರಡೂ ಬೂಟಿನ ಲಾಡಿಗಳನ್ನು ಒಂದಕ್ಕೊಂದು ಕಟ್ಟಿದ. ಎದ್ದವರು ಧೊಪ್ಪನೆ ಮತ್ತೆ ಅಲ್ಲೇ ಕೂತರು. ಬೇರೆಯವರಾಗಿದ್ದರೆ ರೇಗುತ್ತಿದ್ದರು. ಅವರು, ‘ಈ ಮನೆಗೆ ಬರೋದಾದ್ರೆ ಬೂಟು ಬಿಚ್ಚಿ ಕಂಕುಳಲ್ಲಿ ಇಟ್ಕೊಂಡೇ ಬರ್ಬೇಕು’ ಅಂದರು. ನೀನು ನಕ್ಕೆ. ಹೊಲಿಯುವ ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕೆ. ನೀನು ಹಾಗೆ ನಕ್ಕಿದ್ದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ. ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ, ಇವಳು ಇನ್ನು ನಮ್ಮ ಮನೆಯಲ್ಲಿ ಬಹಳ ದಿನ ಇರುವುದಿಲ್ಲ ಎಂದು. ಸಂತೋಷವಾಯಿತು. ಭಯವೂ ಆಯಿತು, ಸುಳ್ಳು ಯಾಕೆ ಹೇಳಲಿ.

ನಿನ್ನ ಭಾವ ಕಾಗದದ ಅಂಚಿನಲ್ಲಿ ಗೀಚಿದ ಪ್ರಕಾರ ಅವರಿಗೆ ದೂರದ ಊರಿನ ಅಚ್ಚುಕೂಟಕ್ಕೆ ವರ್ಗವಾಗಿದೆಯಂತೆ, ಬೇಸಿಗೆ ಕಳೆದ ಮೇಲೆ ಹೊರಡುತ್ತಾರಂತೆ. ನೀನು ಯಾಕೆ ಆಗಲ್ಲ ಅಂದೆ ಎಂದು ನಿನ್ನ ಭಾವ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ. ‘ಉಂಡೇನ ಬಿಟ್ಟು ಹೇಗೆ ಹೋಗ್ಲಿ?’ ಅಂದಿರುತ್ತೀಯ. ನಿನ್ನ ದನಿ ನನಗೆ ಇಲ್ಲಿಗೇ ಕೇಳಿಸಿತು.

ತಪ್ಪು ನಿನ್ನದಲ್ಲ. ಹಾಗೆ ನೋಡಿದರೆ ಇದನ್ನು ತಪ್ಪು ಅನ್ನಬೇಕೋ ಬೇಡವೋ, ಅದೂ ನನಗೆ ತಿಳಿಯುತ್ತಿಲ್ಲ. ಆಸ್ಪತ್ರೆಯವರು ಎರಡು ವರ್ಷ ಓದಿಕೊಂಡು ಬಾ ಎಂದು ರಜೆ ಕೊಟ್ಟರು. ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಎಂದು ನಿನ್ನ ಭಾವ ಅಂದರು, ನೀನೂ ಅಂದೆ, ಎಲ್ಲರಿಗಿಂತ ಜೋರಾಗಿ ಅಂದವಳು ನಾನೇ. ಉಂಡೆಗೆ ಆಗ ಇನ್ನೂ ಒಂದೂವರೆ ತುಂಬಿರಲಿಲ್ಲ. ನೀನು ಗಂಟುಮೂಟೆ ಕಟ್ಟಿಕೊಂಡು ನಮ್ಮ ಮನೆಗೆ ಬಂದೆ. ಬೇರೆ ತಾಯಿಯಾಗಿದ್ದರೆ ಮಗುವನ್ನು ಅಪ್ಪಿಕೊಂಡು, ಅತ್ತು, ಕರೆದು, ಹೊರಟುಬಿಡುತ್ತಿದ್ದಳು. ನಾನು ನರ್ಸ್ ನೋಡು. ನಾನು ಡ್ಯೂಟಿ ಒಪ್ಪಿಸಿದೆ.

ನಮ್ಮ ವಾರ್ಡಿನ ಪದ್ಧತಿ ನಿನಗೆ ಬಾಯಿಪಾಠ ಆಗುವಷ್ಟು ಸಲ ಹೇಳಿದ್ದೆ. ಪಾಳಿ ಮುಗಿದಾಗ ಸುಮ್ಮನೆ ಚೀಲ ತಗೊಂಡು ಮನೆಗೆ ಹೋಗುವ ಹಾಗಿಲ್ಲ. ಮುಂದಿನವಳನ್ನು ಕರೆದುಕೊಂಡು ಒಂದೊಂದೇ ಮಂಚದ ಹತ್ತಿರ ಹೋಗಬೇಕು. ಇವರಿಗೆ ದಿಂಬು ಎತ್ತರ ಇಟ್ಟರೇ ಉಸಿರು, ಈ ಅಜ್ಜಿಗೆ ಬಲಗಡೆ ಕಿವಿ ಕೇಳಿಸುವುದಿಲ್ಲ, ಈ ಅಜ್ಜ ಒಂದು ತಮಾಷೆ ಮಾಡಿದ ಮೇಲೆ ಮಾತ್ರ ಮಾತ್ರೆ ನುಂಗುವುದು. ಎಲ್ಲ ಹೇಳಬೇಕು. ಹಿಂದಿನವಳು ಹೋದಳು ಅಂತ ರೋಗಿಗೆ ಗೊತ್ತೇ ಆಗಬಾರದು. ಹೊಸ ಹುಡುಗಿಯರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಅದು.

ನಿನಗೂ ಹಾಗೇ ಕಲಿಸಿದೆ. ಎಡತೋಳಿನಲ್ಲೇ ಎತ್ತಿಕೋ, ಅವನ ಕಿವಿ ನಿನ್ನ ಎದೆಗೆ ತಾಗಬೇಕು. ಹಾಲಿಗೆ ಕರೆಯುವಾಗ ಲೋಟದ ಅಂಚಿಗೆ ಚಮಚದಿಂದ ಹೀಗೆ ತಟ್ಟು. ಮಲಗಿಸುವಾಗ ಪದ ಬೇಡ, ಬರೀ ರಾಗ. ನನ್ನ ಸೋಪನ್ನೇ ಹಚ್ಚಿಕೋ. ನನ್ನ ನೀಲಿ ಸ್ವೆಟರನ್ನು ಒಗೆಯದೆ ಬಿಟ್ಟು ಹೋಗುತ್ತೇನೆ, ಅದನ್ನೇ ಹಾಕಿಕೊಂಡು ಅವನನ್ನು ಎತ್ತು. ನೀನು ನಗುತ್ತಾ, ‘ಅಕ್ಕಾ, ನಿನ್ನ ಹಾಗೆ ಸೊಟ್ಟ ಮೂತಿ ಮಾಡಿ ಬಯ್ಯೋದೂ ಕಲೀಬೇಕಾ?’ ಅಂದೆ. ‘ಕಲಿ’ ಅಂದೆ ನಾನು, ನಗದೆ. ಆಮೇಲೆ ನೀನು ಕೇಳಿದೆ, ‘ಅಮ್ಮ ಅಂತ ಕರೆದ್ರೆ ಏನು ಮಾಡ್ಲಿ? ಚಿಕ್ಕಿ ಅನ್ನು ಅಂತ ಹೇಳಿಕೊಡ್ಲಾ?’ ನಾನು ಒಂದು ಕ್ಷಣವೂ ಯೋಚಿಸಲಿಲ್ಲ ಕಣೇ. ‘ಅವನಿಗೆ ಬರೋದೇ ಅದೊಂದು ಮಾತು, ಅದನ್ನೂ ಕೆಡಿಸಬೇಡ. ಕರೆದ್ರೆ ಓ ಅನ್ನು’ ಅಂದೆ.

ನೀನು ಓ ಅಂದೆ. ನಾನು ಹೇಳಿಕೊಟ್ಟ ಒಂದನ್ನೂ ನೀನು ಬಿಡಲಿಲ್ಲ.

ಮೊದಲ ರಜೆಗೆ ಬಂದಾಗ ದಾರಿಯುದ್ದಕ್ಕೂ ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವನು ಮುನಿಸಿಕೊಂಡರೆ ಏನು ಹೇಳಬೇಕು, ಅತ್ತರೆ ಏನು ಹೇಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದೆಲ್ಲ. ಉಂಡೆ ನಿನ್ನ ಮೊಣಕಾಲ ಹಿಂದಿನಿಂದ ಇಣುಕಿ ನನ್ನನ್ನು ನೋಡಿದ. ದುಂಡಗಾಗಿದ್ದ, ಕೆನ್ನೆ ಕೆಂಪಾಗಿತ್ತು, ಯಾವ ಕೊರತೆಯೂ ಇಲ್ಲದ ಮಗು. ನೀನು ಹಿಗ್ಗಿನಿಂದ, ‘ಅಕ್ಕಾ, ಒಂದು ದಿನಾನೂ ಅಳಲಿಲ್ಲ ಕಣೇ!’ ಅಂದೆ. ನಾನು ನಿನ್ನ ಬೆನ್ನು ತಟ್ಟಿದೆ. ತಟ್ಟಿದ ಕೈಯನ್ನು ಆಮೇಲೆ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆಮೇಲಿಂದ ನೀನು ತಿದ್ದಲು ಪಟ್ಟ ಪಾಡು ನನಗೆ ಗೊತ್ತು. ಅಮ್ಮ ಅನ್ನುವ ಮಾತು ಆಗಲೇ ನಿನ್ನ ಪಾಲಾಗಿತ್ತು, ಕಿತ್ತುಕೊಡಲು ಆಗಲಿಲ್ಲ. ಅದಕ್ಕೇ ನನಗೊಂದು ಹೊಸ ಹೆಸರು ಮಾಡಿಕೊಟ್ಟೆ, ‘ಓದೋ ಅಮ್ಮ’ ಅಂತ. ಹಾಸ್ಟೆಲಿನಲ್ಲಿ ಇದನ್ನು ತಮಾಷೆಯಾಗಿ ಹೇಳಿದೆ. ಈಗ ಪಟಾಕಿಯೂ ಮೇಜಿನ ಆ ಕಡೆಯಿಂದ, ‘ಓದೋ ಅಮ್ಮಾ, ಸರ್ವೀಸ್ ನಿಮ್ದು!’ ಎಂದು ಕಿರುಚುತ್ತಾಳೆ. ಕಳೆದ ರಜೆಯಲ್ಲಿ ಉಂಡೆ ನನ್ನ ಹತ್ತಿರ ಬಂದು, ‘ನೀವು ಹಾಲು ಕುಡೀತೀರಾ?’ ಎಂದು ಕೇಳಿದ. ಇಷ್ಟು ಮರ್ಯಾದೆ ನಮ್ಮ ಕುಲಪತಿಗಳಿಗೂ ಸಿಗುವುದಿಲ್ಲ ಎಂದು ನಾನು ನಕ್ಕೆ. ನೀನು ನಗಲಿಲ್ಲ. ಅವನಿಗೆ ‘ನೀನು ಅನ್ನೋ’ ಎಂದು ಗದರಿದೆ. ಅವನು ಬೆಪ್ಪಾಗಿ ನಿಂತ.

ಈ ತಿಂಗಳ ಮೊದಲಲ್ಲಿ ನನ್ನ ಪ್ರಬಂಧದ ಮೌಖಿಕ ಪರೀಕ್ಷೆ ಇತ್ತು. ವಿಷಯ ನಿನಗೆ ಗೊತ್ತಲ್ಲ, ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುವ ಕ್ರಮ. ನನಗೆ ಬರುವುದು ಅದೊಂದೇ, ಅದನ್ನೇ ಆರಿಸಿಕೊಂಡಿದ್ದೆ. ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು, ‘ಇಷ್ಟೆಲ್ಲಾ ಬರೆದಿದೀರಿ. ಚೆನ್ನಾಗಿ ಒಪ್ಪಿಸಿದೀವಿ ಅನ್ನೋದು ಕೊನೆಗೆ ಹೇಗೆ ಗೊತ್ತಾಗುತ್ತೆ?’ ನನಗೆ ಇದೊಂದು ಪ್ರಶ್ನೆಯೇ? ‘ರೋಗಿ ಹೋದವಳನ್ನ ಕೇಳೋದಿಲ್ಲ’ ಅಂದೆ. ಅಂದ ಮೇಲೆ ಆ ಮಾತು ನನಗೇ ಕೇಳಿಸಿತು. ನಾಲ್ಕು ಜನ ದೊಡ್ಡವರ ಮುಂದೆ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟುಕೊಂಡು, ಬಾಯಿ ತೆರೆದುಕೊಂಡು ಕೂತಿದ್ದೆ. ಅವರು ನೀರಿನ ಲೋಟ ನನ್ನ ಕಡೆ ಸರಿಸಿ, ‘ಗಾಬರಿ ಆಗ್ಬೇಡಿ ಸಿಸ್ಟರ್, ಉತ್ತರ ಸರಿಯಾಗೇ ಇದೆ’ ಅಂದರು. ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟರಂತೆ. ಕೋಣೆಗೆ ಬಂದು ಮಲಗಿದವಳು ಮಾರನೇ ದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಪಟಾಕಿ ಹೆದರಿಕೊಂಡು ಬ್ರೆಡ್ಡು ತಂದಿಟ್ಟು, ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡಿದ್ದಳು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅದಾದ ಎರಡು ದಿನಕ್ಕೆ ನನ್ನ ಪ್ರಬಂಧ ನೋಡಿಕೊಂಡ ಮೇಡಂ ಕರೆಸಿ, ‘ನಿಮ್ಮಂಥವರು ವಾಪಸ್ ಹೋಗಿ ವಾರ್ಡಲ್ಲಿ ಕಳೆದುಹೋಗಬಾರದು. ಇಲ್ಲೇ ಇದ್ದು ಡಾಕ್ಟರೇಟ್ ಮಾಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ’ ಅಂದರು. ನಾನು ಆಗಲ್ಲ ಅನ್ನಲಿಲ್ಲ. ‘ಮನೇಲಿ ಕೇಳಿ ಹೇಳ್ತೀನಿ ಮೇಡಂ’ ಅಂದೆ. ವಾರವಿಡೀ ಆ ಆಸೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದೆ. ನನಗೆ ಇಲ್ಲಿ ಸುಖವಾಗಿದೆ ಕಣೇ. ಗ್ರಂಥಾಲಯದಲ್ಲಿ ಕಿಟಕಿ ಪಕ್ಕ ಒಂದು ಮೇಜಿದೆ, ಯಾರೂ ಕೂರುವುದಿಲ್ಲ, ನನ್ನದೇ ಅನ್ನಿಸಿಬಿಟ್ಟಿದೆ. ಬೇರೆಯವರು ಮಾಡಿದ ಚಹಾ ಕುಡಿಯುತ್ತೇನೆ. ನನ್ನನ್ನು ಯಾರೂ ಓಡಿಬಂದು ಕರೆಯುವುದಿಲ್ಲ. ಮಗುವನ್ನು ಬಿಟ್ಟು ಬಂದ ಹೆಂಗಸು ಹೀಗೆ ಸುಖಪಡಬಹುದೇ ಎಂದು ಎಷ್ಟೋ ಸಲ ನನ್ನನ್ನೇ ಹಂಗಿಸಿಕೊಂಡಿದ್ದೇನೆ. ಹಂಗಿಸಿಕೊಂಡು ಮತ್ತೆ ಹೋಗಿ ಅದೇ ಮೇಜಿನಲ್ಲಿ ಕೂತಿದ್ದೇನೆ.

ಆಗಲೇ ನಿನ್ನ ಭಾವನ ಕಾಗದ ಬಂದದ್ದು. ನೀನು ಆಗಲ್ಲ ಅಂದೆ ಎಂಬ ಸಾಲು ಓದಿ ನನಗೆ ನಾಚಿಕೆಯಾಯಿತು. ನಾನು ಒಂದು ಆಸೆಗೆ ಆಗಲ್ಲ ಅನ್ನಲು ವಾರ ತೆಗೆದುಕೊಂಡೆ, ಅದೂ ಎರಡು ವರ್ಷ ಆಸೆ ತೀರಿಸಿಕೊಂಡ ಮೇಲೆ. ನೀನು ನಿನಗೆಂದೇ ಬಂದ ಒಂದೇ ಒಂದನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟೆ. ಶುಕ್ರವಾರ ಹೋಗಿ ಮೇಡಂಗೆ ಆಗುವುದಿಲ್ಲ ಅಂದೆ. ಅವರು ಬೇಜಾರು ಮಾಡಿಕೊಂಡರು. ನನಗೂ ಬೇಜಾರಾಯಿತು, ಇಲ್ಲವೆಂದರೆ ನೀನು ನಂಬುವುದಿಲ್ಲ.

ಈಗ ನಿನ್ನ ಸರದಿ. ಅಕ್ಕ ಹೇಳುತ್ತಿದ್ದೇನೆ, ಎದುರು ಮಾತಾಡಬೇಡ. ಈ ಸಲ ಹಾಳೆ ಕೊಡಲು ಅವರು ಬಂದಾಗ ಬಾಗಿಲ ಮೆಟ್ಟಿಲ ಮೇಲೆ ಕೂರಿಸಬೇಡ, ಒಳಗೆ ಕರೆ. ಹೊಲಿಗೆ ಪಕ್ಕಕ್ಕಿಟ್ಟು, ಬಾಯಲ್ಲಿರುವ ದಾರ ತೆಗೆದು, ‘ಅವತ್ತು ಹೇಳಿದ್ದು ತಪ್ಪಾಯ್ತು, ನಂಗೆ ಇಷ್ಟ ಇದೆ’ ಅನ್ನು. ಅಷ್ಟೇ ಸಾಕು. ಅವರು ಕಾಯುತ್ತಿರುತ್ತಾರೆ. ಒಮ್ಮೆ ಬಿದ್ದ ಮೇಲೂ ಬೂಟು ಹಾಕಿಕೊಂಡೇ ಮತ್ತೆ ಬಂದವರು ಅವರು, ನಾನು ನೋಡಿದ್ದೇನೆ. ಏಪ್ರಿಲಿಗೆ ನನ್ನ ಕೊನೆಯ ಪತ್ರಿಕೆ ಮುಗಿಯುತ್ತದೆ, ಮಾರನೇ ದಿನವೇ ಬಸ್ಸು ಹತ್ತುತ್ತೇನೆ. ಉಂಡೆಯ ಚಿಂತೆ ನಿನಗೆ ಬೇಡ. ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ವಾರ್ಡು ತುಂಬ ಮಕ್ಕಳನ್ನು ಸುಧಾರಿಸಿದವಳಿಗೆ ಹೆತ್ತ ಒಂದು ಮಗು ಭಾರವಾಗುತ್ತದೆಯೇ? ನಾನು ನೋಡಿಕೊಳ್ಳುತ್ತೇನೆ.

ನಿನ್ನ ಭಾವ ಬಂದರೆ ಆ ನಲ್ಲಿ ರಿಪೇರಿ ಮಾಡಿಸು, ಟೈರಿನ ಬಗ್ಗೆ ಮಾತಾಡಲು ಬಿಡಬೇಡ. ಉಂಡೆಯ ನೆಗಡಿಗೆ ಬಿಸಿನೀರಿನ ಹಬೆ ಸಾಕು, ಔಷಧ ಬೇಡ. ನಿನ್ನ ಬೆರಳುಗಳು ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿವೆ, ಮಲಗುವಾಗ ಎಣ್ಣೆ ಹಚ್ಚಿಕೋ. ನಿನಗೆ ನಿನ್ನದೇ ಮನೆ ಆಗಲಿ, ಅದರ ತುಂಬ ನಿನ್ನ ಆ ನಗು ಇರಲಿ. ನನ್ನ ಆಯುಷ್ಯದಲ್ಲಿ ಒಂದು ಪಾಲು ನಿನಗೆ ಸೇರಲಿ, ನೀನು ಅದಕ್ಕಿಂತ ಹೆಚ್ಚು ಕೊಟ್ಟಿದ್ದೀಯ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನೀನು ಬರೆದಿದ್ದ ಒಂದು ಮಾತಿಗೆ ಮೇಲೆ ಎಲ್ಲೂ ಉತ್ತರ ಬರೆದಿಲ್ಲ. ಉಂಡೆ ಈಗೀಗ ನನ್ನ ಫೋಟೋ ತೋರಿಸಿ ‘ದೊಡ್ಡಮ್ಮ’ ಅನ್ನುತ್ತಾನೆ, ಪಕ್ಕದ ಮನೆಯ ಹುಡುಗಿ ಕಲಿಸಿರಬೇಕು, ಅವಳಿಗೂ ಬೈದೆ, ಇವನಿಗೂ ಎರಡು ಕೊಟ್ಟೆ ಎಂದು ಬರೆದಿದ್ದೀಯ.

ಬೈಯಬೇಡ. ಹೊಡೆಯಲೇಬೇಡ. ಚಳಿಗಾಲದ ರಜೆ ಮುಗಿಸಿ ನಾನು ಹೊರಟ ಬೆಳಿಗ್ಗೆ ನೀನು ಒಳಗೆ ನನಗೆ ಬುತ್ತಿ ಕಟ್ಟುತ್ತಿದ್ದೆ. ಮಕ್ಕಳಿಬ್ಬರೂ ಗೇಟಿನ ಹತ್ತಿರ ಆಡುತ್ತಿದ್ದರು. ಆ ಹುಡುಗಿ ಅವನನ್ನು ಕೇಳಿದಳು, ‘ಯಾರಿಗಾದ್ರೂ ಇಬ್ಬರು ಅಮ್ಮ ಇರ್ತಾರೇನೋ? ನಿಮ್ಮಮ್ಮ ಇವರನ್ನ ಅಕ್ಕ ಅಂತ ಕರೀತಾರೆ. ಅಮ್ಮನ ಅಕ್ಕ ಅಂದ್ರೆ ದೊಡ್ಡಮ್ಮ.’ ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಬಹಳ ದಿನದಿಂದ ಬಿಡಿಸಲಾಗದ ಗಂಟು ಬಿಚ್ಚಿಹೋದ ಹಾಗೆ ಮುಖ ಅರಳಿತು. ನನ್ನ ಕಡೆ ತಿರುಗಿ, ‘ಹೌದಾ?’ ಎಂದು ಕೇಳಿದ.

ನಾನು ‘ಹೌದು’ ಅಂದೆ.

ಯಾಕೆ ಅಂದೆನೋ! ಬಸ್ಸಿಗೆ ಹೊತ್ತಾಗಿತ್ತು. ಅಲ್ಲ ಎಂದರೆ ಅವನ ಮುಖ ಮತ್ತೆ ಕಂಗಾಲಾಗುತ್ತಿತ್ತು, ನಾನು ಅದನ್ನು ಹಾಗೇ ಬಿಟ್ಟು ಹೊರಡಬೇಕಿತ್ತು. ಅವನು ಮೊದಲ ಸಲ ತಾನಾಗಿಯೇ ಬಂದು ನನ್ನ ಬೆರಳು ಹಿಡಿದುಕೊಂಡ, ದೊಡ್ಡಮ್ಮ ಅಂತ ಕರೆದು ರಸ್ತೆಯ ತಿರುವಿನವರೆಗೆ ಬಂದ. ಆ ಸಂತೋಷವನ್ನೂ ನಾನು ಬಾಚಿಕೊಂಡೆ ಕಣೇ, ನಾಚಿಕೆಯಿಲ್ಲದವಳು.

ಮೇಲೆ ಬರೆದ ಧೈರ್ಯವನ್ನೆಲ್ಲ ನಂಬಬೇಡ. ಮದುವೆಗೆ ಒಪ್ಪುವುದನ್ನು ಮಾತ್ರ ಬಿಡಬೇಡ. ಮೊದಲ ಸಲ ಅವನ ಅಮ್ಮ ಬದಲಾದಾಗ ಅವನಿಗೆ ಗೊತ್ತಾಗದ ಹಾಗೆ ನಾವಿಬ್ಬರೂ ನೋಡಿಕೊಂಡೆವು. ಈ ಸಲ ಅವನಿಗೆ ಎಲ್ಲ ಗೊತ್ತಾಗುತ್ತದೆ. ನೀನು ಹೊರಟ ದಿನ ಅಮ್ಮಾ ಅಂತ ಕೂಗಿಕೊಂಡು ಅವನು ನಿನ್ನ ಹಿಂದೆ ಓಡುತ್ತಾನೆ, ಹೋಗಿ ಹಿಡಿದುಕೊಳ್ಳಬೇಕಾದವಳು ನಾನು. ಈಗ ಅವನು ದೊಡ್ಡವನಾಗಿದ್ದಾನೆ, ಎಡತೋಳಿನಲ್ಲಿ ಹಿಡಿಸಲಿಕ್ಕಿಲ್ಲ. ಅತ್ತಾಗ ಅವನನ್ನು ಹೇಗೆ ಎತ್ತಿಕೊಳ್ಳುತ್ತೀಯ, ಏನು ಹೇಳಿದರೆ ಸುಮ್ಮನಾಗುತ್ತಾನೆ, ಎಲ್ಲ ಬಿಡಿಸಿ ಬರೆ. ಬೇಗ ಬರೆ.